ಎಳೆ ಹರಿದರೆ ನಿಲ್ಲುವ ಮಗ್ಗ: ಸಾಕಿಚಿ ಟೊಯೋಡಾ ಅವರ ಜೀವನ

ಆಂಧ್ರಪ್ರದೇಶದ ಗೋರಂಟ್ಲವು ಚಿತ್ರಾವತಿ ನದಿಯ ದಡದಲ್ಲಿರುವ ಹಳೆಯ ಊರು. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಲ್ಲಿಂದ ಹಿಂದೂಪುರ, ಮಡಕಶಿರಾ, ರೊಳ್ಳ, ಅಮರಾಪುರ ಎಂದು ಹೆಸರು ಹೇಳುತ್ತಾ ಹೋದರೆ, ನಮ್ಮ ಹಾಗೆಯೇ ಗಡಿಗೆರೆಯ ಆಚೆಗೆ ಉಳಿದುಹೋದ ಕನ್ನಡಿಗರ ಸೀಮೆ ಸಿಗುತ್ತದೆ. ಆ ಕಡೆಗೆ ಹಿಂದಿನಿಂದಲೂ ಹೆಸರು ತಂದದ್ದು ಮಗ್ಗ. ಧರ್ಮಾವರದ ರೇಷ್ಮೆ ಸೀರೆಯ ಹೆಸರು ಕೇಳದ ಹೆಂಗಸರು ನಮ್ಮಲ್ಲೂ ಕಡಮೆ. ಸೋಮಂದೇಪಲ್ಲಿ, ಹಿಂದೂಪುರಗಳಲ್ಲೂ ಮಗ್ಗದ ಸದ್ದಿನಿಂದಲೇ ಬದುಕುವ ಮನೆಗಳಿವೆ. ಈಗ ಅದೇ ಸೀಮೆಗೆ ಮೋಟಾರು ಕಾರಿನ ಹೆಸರೂ ಸೇರಿಕೊಂಡಿದೆ. ಗೋರಂಟ್ಲಕ್ಕೆ ಅನತಿ ದೂರದಲ್ಲಿ, ಪೆನುಕೊಂಡೆಯ ಬಳಿಯ ಎರ್ರಮಂಚಿಯಲ್ಲಿ, ಕೊರಿಯಾ ದೇಶದ ಕಿಯಾ ಕಂಪೆನಿಯವರು ಕಟ್ಟಿದ ಕಾರ್ಖಾನೆಯಿಂದ 2019ರಲ್ಲಿ ಕಾರುಗಳು ಹೊರಬರತೊಡಗಿದವು. ವರ್ಷಕ್ಕೆ 3 ಲಕ್ಷ ಕಾರುಗಳನ್ನು ತಯಾರಿಸುವ ಸಾಮರ್ಥ್ಯವನ್ನು ಲೆಕ್ಕಹಾಕಿ ಕಟ್ಟಿದ ಕಾರ್ಖಾನೆ ಅದು.

2022ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಆ ಕಂಪೆನಿಯು, ತಾನು ಮಾರಿದ ಕಾರೆನ್ಸ್ ಎಂಬ ಮಾದರಿಯ 44,174 ಕಾರುಗಳನ್ನು ಪರೀಕ್ಷೆಗಾಗಿ ವಾಪಸು ಕರೆಸಿತು. ಅಪಘಾತವಾದಾಗ ಉಬ್ಬಿ ಬಂದು ಜೀವ ಕಾಯಬೇಕಾದ ಗಾಳಿಚೀಲ, ಅಂದರೆ ಏರ್‌ಬ್ಯಾಗು, ಯಾವ ಕ್ಷಣದಲ್ಲಿ ಬಿಚ್ಚಬೇಕೆಂದು ನಿರ್ಧರಿಸುವ ಪೆಟ್ಟಿಗೆಯಲ್ಲಿ ದೋಷವಿರಬಹುದೆಂಬ ಸಂಶಯವೇ ಕಾರಣ. ದೋಷ ಕಂಡರೆ ಖರ್ಚಿಲ್ಲದೆ ಸರಿಪಡಿಸಿ ಕೊಡುವುದಾಗಿ ತಿಳಿಸಲಾಯಿತು. ಮಾರಿದವನೇ ವಸ್ತುವನ್ನು ಹಿಂದಕ್ಕೆ ಕರೆದು ದುರಸ್ತಿ ಮಾಡಿಕೊಡುವ ಈ ಕ್ರಮಕ್ಕೆ ರೀಕಾಲ್ ಎಂದು ಹೆಸರು. ಇಂತಹ ಸುದ್ದಿ ಪತ್ರಿಕೆಯಲ್ಲಿ ಬಂದೊಡನೆ, ಆ ಕಾರು ಕೆಟ್ಟದ್ದು, ಕೊಂಡವನು ಮೋಸಹೋದ ಎಂದು ಆಡಿಕೊಳ್ಳುವವರೇ ಹೆಚ್ಚು. ಕೆಡುಕನ್ನು ಮುಚ್ಚಿಟ್ಟು ಸಾಗಹಾಕಿದ ಕಂಪೆನಿಯ ಕಾರು ಮಾತ್ರ ಒಳ್ಳೆಯದೆಂದು ಹೆಸರು ಗಳಿಸಿ ಓಡುತ್ತಿರುತ್ತದೆ! ನಮ್ಮ ವ್ಯಾಪಾರದ ನ್ಯಾಯ ಹಾಗಿದೆ.

ಒಂದು ಎಳೆ ಹರಿದರೂ ಯಂತ್ರ ನಿಲ್ಲಬೇಕು, ಹರಿದದ್ದನ್ನು ಗಂಟು ಹಾಕದೆ ಒಂದು ಅಂಗುಲವೂ ಮುಂದೆ ನೇಯಬಾರದು ಎಂಬ ಹಟವನ್ನು ಜೀವನದುದ್ದಕ್ಕೂ ಸಾಧಿಸಿದ ಬಡಗಿಯ ಮಗನೊಬ್ಬ ಜಪಾನಿನಲ್ಲಿದ್ದ. ಅವನು ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. ಆದರೂ ಅವನ ಮನೆತನದ ಹೆಸರು ಒಂದು ಅಕ್ಷರದ ಬದಲಾವಣೆಯೊಂದಿಗೆ ನಮ್ಮ ಬಿಡದಿಯ ಕಾರು ಕಾರ್ಖಾನೆಯ ಬಾಗಿಲಿನಲ್ಲಿದೆ, ಜಗತ್ತಿನ ರಸ್ತೆಗಳಲ್ಲೆಲ್ಲ ಓಡಾಡುತ್ತಿದೆ. ಆ ಸಾಕಿಚಿ ಟೊಯೋಡಾ ಅವರ ಜೀವನಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗಿದೆ.

ಸಾಕಿಚಿ ಹುಟ್ಟಿದ್ದು 1867ನೇ ಇಸವಿ ಫೆಬ್ರವರಿ 14ರಂದು, ಇಂದಿನ ಶಿಝುವೋಕಾ ಪ್ರಾಂತದ ಕೊಸಾಯಿ ನಗರಕ್ಕೆ ಸೇರಿದ ಯಾಮಾಗುಚಿ ಎಂಬ ಬಡ ಹಳ್ಳಿಯಲ್ಲಿ. ಮರು ವರ್ಷವೇ ಜಪಾನಿನಲ್ಲಿ ಹಳೆಯ ಪಾಳೆಯಗಾರಿಕೆ ಮುಗಿದು ಮೈಜಿ ಚಕ್ರವರ್ತಿಯ ಹೊಸ ಆಡಳಿತ ಆರಂಭವಾಯಿತು. ತಂದೆ ಇಕಿಚಿ ಬೇಸಾಯದ ಜೊತೆಗೆ ಮರದ ಕೆಲಸ ಮಾಡುತ್ತಿದ್ದರು. ತಾಯಿ ಆ ಕಾಲದ ಹಳ್ಳಿಯ ಹೆಂಗಸರೆಲ್ಲರಂತೆ ಮನೆಯಲ್ಲೇ ಮಗ್ಗದ ಮುಂದೆ ಕುಳಿತು ಹತ್ತಿಯ ಬಟ್ಟೆ ನೇಯುತ್ತಿದ್ದರು. ಹುಡುಗನ ಓದು ಪ್ರಾಥಮಿಕ ಶಾಲೆಗೇ ಮುಗಿಯಿತು. ಉಳಿ, ಕೊಡತಿ, ಗರಗಸ ಹಿಡಿದು ತಂದೆಯ ಹಿಂದೆ ಹೊರಡುವುದೇ ಅವನ ಪಾಲಿಗೆ ಬಂದ ವಿದ್ಯೆ.

1885ರಲ್ಲಿ ಜಪಾನ್ ಸರಕಾರವು ಪೇಟೆಂಟು ಕಾನೂನನ್ನು ಜಾರಿಗೆ ತಂದಿತು. ಹೊಸದನ್ನು ಕಂಡುಹಿಡಿದವನಿಗೆ ಅದರ ಹಕ್ಕು ಸಿಗುವುದೆಂಬ ಸುದ್ದಿ ಹದಿನೆಂಟು ವರ್ಷದ ಆ ಬಡಗಿ ಹುಡುಗನ ಕಿವಿಗೂ ಬಿತ್ತು. ವಿದ್ಯೆಯಿಲ್ಲ, ಹಣವಿಲ್ಲ, ಆದರೆ ಬುದ್ಧಿಗೆ ಬೆಲೆ ಕೊಡುವ ಕಾನೂನು ಬಂದಿದೆಯಲ್ಲ ಎಂಬುದೇ ಅವನಿಗೆ ಧೈರ್ಯ. ಏನನ್ನು ಕಂಡುಹಿಡಿಯುವುದೆಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ತಾಯಿಯ ಮಗ್ಗವೇ. ಅಂದಿನಿಂದ ಮರದ ತುಂಡುಗಳನ್ನು ಜೋಡಿಸುವುದು, ಕಿತ್ತು ಹಾಕುವುದು, ಮತ್ತೆ ಜೋಡಿಸುವುದು ಇದೇ ಆಯಿತು. ಸಿಕ್ಕಿದ ಕೂಲಿಯ ಕೆಲಸ ಬಿಟ್ಟು ಹೀಗೆ ಕುಳಿತರೆ ಯಾವ ತಂದೆ ಸುಮ್ಮನಿರುತ್ತಾನೆ? ಇಕಿಚಿಯೂ ಸುಮ್ಮನಿರಲಿಲ್ಲ. ಊರವರಂತೂ ಹುಡುಗನಿಗೆ ತಲೆ ಕೆಟ್ಟಿದೆಯೆಂದೇ ತಿಳಿದರು. 1890ರಲ್ಲಿ ತೋಕಿಯೋದಲ್ಲಿ ದೊಡ್ಡ ಕೈಗಾರಿಕಾ ಪ್ರದರ್ಶನ ನಡೆದಾಗ ಸಾಕಿಚಿ ಅಲ್ಲಿಗೆ ಹೋಗಿ, ದಿನದಿನವೂ ಯಂತ್ರಗಳ ಮುಂದೆ ನಿಂತು ಅವುಗಳ ಒಂದೊಂದು ಚಲನೆಯನ್ನೂ ನೋಡಿ ಮನಸ್ಸಿಗೆ ತಂದುಕೊಂಡ.

ಅದೇ ವರ್ಷ ಅವರ ಮೊದಲನೆಯ ಮಗ್ಗ ಸಿದ್ಧವಾಯಿತು. ಮುಂದಿನ ವರ್ಷ, ಅಂದರೆ 1891ರಲ್ಲಿ, ಅದಕ್ಕೆ ಪೇಟೆಂಟು ದೊರೆಯಿತು. ಅದುವರೆಗೆ ನೇಯುವವರು ಎರಡೂ ಕೈಗಳಿಂದ ಲಾಳಿಯನ್ನು ಆಚೀಚೆ ದಾಟಿಸಬೇಕಾಗಿತ್ತು. ಹೊಸ ಮಗ್ಗದಲ್ಲಿ ಒಂದು ಕೈಯಿಂದ ಹಣಿಗೆಯನ್ನು ಹಿಂದೆ ಮುಂದೆ ಆಡಿಸಿದರೆ ಸಾಕು, ಲಾಳಿ ತಾನಾಗಿ ಓಡುತ್ತಿತ್ತು. ಕೆಲಸ ಒಂದೂವರೆ ಪಾಲಿನಷ್ಟಾಯಿತು. ಬಟ್ಟೆಯ ಹೆಣಿಗೆಯೂ ಸಮನಾಯಿತು. ಇದೇ ಮಗ್ಗಗಳನ್ನು ಇಟ್ಟುಕೊಂಡು ತೋಕಿಯೋದಲ್ಲಿ ಒಂದು ಸಣ್ಣ ನೇಯ್ಗೆ ಶಾಲೆಯನ್ನು ತೆರೆದರು. ಅದು ಹೆಚ್ಚು ದಿನ ನಡೆಯಲಿಲ್ಲ. ಕೈಯಲ್ಲಿದ್ದುದೆಲ್ಲ ಹೊಸ ಪ್ರಯೋಗಗಳಿಗೇ ಹೋಗುತ್ತಿದ್ದರೆ ಅಂಗಡಿ ನಿಲ್ಲುವುದಾದರೂ ಹೇಗೆ? ಊರಿಗೆ ಮರಳಿದ ಮೇಲೆ 1894ರಲ್ಲಿ ನೂಲು ಸುತ್ತುವ ಒಂದು ಯಂತ್ರವನ್ನು ಮಾಡಿದರು. ಅದು ಚೆನ್ನಾಗಿ ಮಾರಾಟವಾಗಿ ಅನ್ನಕ್ಕೆ ದಾರಿಯಾಯಿತು. ಅದೇ ವರ್ಷ ಮಗ ಕೀಚಿರೋ ಹುಟ್ಟಿದ. ಆದರೆ ಗಂಡ ಮನೆಯಲ್ಲಿ ನಿಲ್ಲದ, ನಿಂತರೂ ಮರದ ಚಕ್ರಗಳ ಜೊತೆಗೇ ಇರುವ ಸಂಸಾರದಲ್ಲಿ ಮೊದಲನೆಯ ಹೆಂಡತಿ ಉಳಿಯಲಿಲ್ಲ. ಎಳೆಗೂಸು ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆಯಿತು. ಮಹಾಪುರುಷರ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆ ತಾಯಿಗೂ ಮಗುವಿಗೂ ಅದು ಒಂದು ಸಾಲಿನ ವಿಷಯವಾಗಿರಲಿಲ್ಲ.

ಮುಂದಿನ ಹೆಜ್ಜೆ, ಹಬೆಯ ಬಲದಿಂದ ನಡೆಯುವ ಮಗ್ಗ. ಕಬ್ಬಿಣ ದುಬಾರಿಯಾದುದರಿಂದ ಮರ ಮತ್ತು ಕಬ್ಬಿಣ ಎರಡನ್ನೂ ಸೇರಿಸಿ 1896ರ ಸುಮಾರಿಗೆ ಅದನ್ನು ಮಾಡಿ ಮುಗಿಸಿದರು. 1898ರಲ್ಲಿ ಪೇಟೆಂಟು ಸಿಕ್ಕಿತು. ಜಪಾನೀಯನೊಬ್ಬನು ಮಾಡಿದ ಮೊದಲ ಯಾಂತ್ರಿಕ ಮಗ್ಗವೆಂದು ಇದು ಹೆಸರು ಪಡೆಯಿತು. ಈ ಮಗ್ಗದಲ್ಲಿದ್ದ ಒಂದು ಸಣ್ಣ ಏರ್ಪಾಟು ನಮಗೆ ಮುಖ್ಯ. ಹೊಕ್ಕಿನ ನೂಲು ಹರಿದರೆ ಅಥವಾ ಮುಗಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು.

ಕಾಸರಗೋಡು ಸೀರೆ ನೇಯುವ ನಮ್ಮ ಶಾಲಿಯ ಸಮಾಜದ ಹಿರಿಯರನ್ನು ಕೇಳಿದರೆ ಇದರ ಮಹತ್ವವನ್ನು ಅವರು ಒಂದೇ ಮಾತಿನಲ್ಲಿ ತಿಳಿಸಿಯಾರು. ಕೈಮಗ್ಗದಲ್ಲಿ ಕುಳಿತವರಿಗೆ ಎಳೆ ಹರಿದದ್ದು ಕೈಗೇ ತಿಳಿಯುತ್ತದೆ, ಕಣ್ಣಿಗಿಂತ ಮೊದಲು. ಕೈ ನಿಲ್ಲುತ್ತದೆ, ಗಂಟು ಬೀಳುತ್ತದೆ, ಮತ್ತೆ ಲಾಳಿ ಓಡುತ್ತದೆ. ಆದರೆ ಹಬೆಯ ಯಂತ್ರಕ್ಕೆ ಕೈಯ ಆ ತಿಳಿವು ಇಲ್ಲ. ನೂಲು ಹರಿದರೂ ಅದು ಓಡುತ್ತಲೇ ಇರುತ್ತದೆ. ಗಂಟೆ ಕಳೆದು ಯಾರಾದರೂ ನೋಡುವಷ್ಟರಲ್ಲಿ ಗಜಗಟ್ಟಲೆ ಬಟ್ಟೆ ಹಾಳಾಗಿರುತ್ತದೆ. ವೇಗ ಹೆಚ್ಚಿದಷ್ಟೂ ಹಾಳಾಗುವ ಬಟ್ಟೆಯೂ ಹೆಚ್ಚು. ಇದಕ್ಕಾಗಿ ಒಂದೊಂದು ಮಗ್ಗಕ್ಕೂ ಒಬ್ಬ ಹೆಣ್ಣಾಳನ್ನು ಕಾವಲು ನಿಲ್ಲಿಸಬೇಕಾಗುತ್ತಿತ್ತು. ಸಾಕಿಚಿಯವರ ಏರ್ಪಾಟಿನ ತತ್ವ ಸರಳ. ಲಾಳಿ ದಾಟಿದಾಗಲೆಲ್ಲ ನೂಲು ಇದೆಯೇ ಎಂದು ಮುಟ್ಟಿ ನೋಡುವ ಹಗುರವಾದ ಮುಳ್ಳೊಂದು ಇರುತ್ತದೆ. ನೂಲು ಇದ್ದರೆ ಅದು ಮುಳ್ಳನ್ನು ಬಾಗಿಸುತ್ತದೆ, ಮಗ್ಗ ಓಡುತ್ತದೆ. ನೂಲು ಇಲ್ಲದಿದ್ದರೆ ಮುಳ್ಳು ಬಾಗುವುದಿಲ್ಲ. ಬಾಗದ ಮುಳ್ಳು ಕೊಕ್ಕೆಗೆ ಸಿಕ್ಕಿಕೊಂಡು ಶಕ್ತಿಯನ್ನು ತಪ್ಪಿಸುತ್ತದೆ. ಮುಂದೆ ಹಾಸಿನ ಎಳೆಗಳಿಗೂ ಇಂತಹ ಏರ್ಪಾಟು ಬಂತು. ಹಾಸಿನ ಪ್ರತಿಯೊಂದು ಎಳೆಯ ಮೇಲೂ ತೆಳ್ಳನೆಯ ಲೋಹದ ಪಟ್ಟಿಯೊಂದು ತೂಗುತ್ತಿರುತ್ತದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಬಿದ್ದ ಪಟ್ಟಿ ಮಗ್ಗವನ್ನು ನಿಲ್ಲಿಸುತ್ತದೆ. ಸಾವಿರಾರು ಎಳೆಗಳಲ್ಲಿ ಒಂದೇ ಒಂದು ಹರಿದರೂ ಸಾಕು.

ಈ ಉಪಾಯ ಸಾಕಿಚಿಯವರಿಗೆ ಮಾತ್ರ ಹೊಳೆದದ್ದೆಂದು ಹೇಳಿದರೆ ತಪ್ಪಾದೀತು. ಹೊಕ್ಕು ಹರಿದರೆ ನಿಲ್ಲಿಸುವ ಮುಳ್ಳು ಇಂಗ್ಲೆಂಡಿನಲ್ಲಿ ಅವರು ಹುಟ್ಟುವ ಮೊದಲೇ ಬಳಕೆಗೆ ಬಂದಿತ್ತು. ಅಮೆರಿಕದ ನಾರ್ತ್ರಪ್ ಮಗ್ಗದಲ್ಲೂ ಹಾಸಿನ ಎಳೆ ಕಾಯುವ ಏರ್ಪಾಟಿತ್ತು. ಸಾಕಿಚಿಯವರ ಹೆಚ್ಚುಗಾರಿಕೆ ಬೇರೆ ಕಡೆಯಲ್ಲಿದೆ. ಇತರರು ಇದನ್ನು ಹತ್ತರಲ್ಲಿ ಒಂದು ಅನುಕೂಲವೆಂದು ಕಂಡರೆ, ಇವರು ಇದನ್ನೇ ಯಂತ್ರದ ಜೀವಾಳವೆಂದು ಕಂಡು ಉಳಿದುದೆಲ್ಲವನ್ನೂ ಅದರ ಸುತ್ತ ಕಟ್ಟಿದರು.

ಈ ಹಟ ಗಟ್ಟಿಯಾಗುವುದಕ್ಕೆ ಕಾರಣವಾದ ಒಂದು ಸೋಲಿನ ಕಥೆಯನ್ನು ಇಲ್ಲಿ ಹೇಳಲೇಬೇಕು. 1903ರ ಸುಮಾರಿಗೆ ಅವರು, ನೂಲು ಮುಗಿದ ಲಾಳಿಯನ್ನು ತಾನೇ ಬದಲಾಯಿಸಿಕೊಳ್ಳುವ ಸ್ವಯಂಚಾಲಿತ ಮಗ್ಗವೊಂದನ್ನು ರೂಪಿಸಿದ್ದರು. ಕಾನೆಗಾಫುಚಿ ಎಂಬ ದೊಡ್ಡ ಗಿರಣಿಯವರು ಇಂತಹ ಮಗ್ಗಗಳನ್ನು ತರಿಸಿಕೊಂಡು, ಬೇರೆ ಮಗ್ಗಗಳ ಜೊತೆಗೆ ಹೋಲಿಸಿ ಪರೀಕ್ಷೆಗೆ ಹಚ್ಚಿದರು. ಸಾಕಿಚಿಯವರ ಮಗ್ಗ ನಿರೀಕ್ಷಿಸಿದಂತೆ ನಡೆಯಲಿಲ್ಲ. ಮಗ್ಗಗಳ ತಯಾರಿಕೆಯನ್ನು ಬೇರೆಯವರಿಗೆ ವಹಿಸಿಕೊಡಲಾಗಿತ್ತು. ತಾನೇ ನಿಂತು ನೋಡಿ ಸರಿಪಡಿಸುವ ಅವಕಾಶ ಕಂಡುಹಿಡಿದವನಿಗೆ ಸಿಗಲಿಲ್ಲ. ನಕ್ಷೆ ಸರಿಯಿತ್ತು, ತಯಾರಿಕೆಯಲ್ಲಿ ದೋಷ ಉಳಿದಿತ್ತು. ಇಂದು ಕಾರುಗಳನ್ನು ವಾಪಸು ಕರೆಸುವ ಸುದ್ದಿಗಳಲ್ಲಿ ನಾವು ಓದುವ ಕಾರಣಗಳ ಪೈಕಿ ಅನೇಕ ಇದೇ ಜಾತಿಯವು ಎಂಬುದನ್ನು ಗಮನಿಸಬೇಕು. ಸಾಕಿಚಿಯವರು ಇದರಿಂದ ಒಂದು ನಿಯಮವನ್ನು ಮಾಡಿಕೊಂಡರು. ನಿಜವಾದ ಗಿರಣಿಯಲ್ಲಿ, ನಿಜವಾದ ನೂಲಿನಿಂದ, ವ್ಯಾಪಾರದ ಬಟ್ಟೆಯನ್ನೇ ನೇಯ್ದು ಪೂರ್ತಿಯಾಗಿ ಪರೀಕ್ಷಿಸುವವರೆಗೆ ಯಾವ ಯಂತ್ರವನ್ನೂ ಜನರ ಮುಂದೆ ಇಡಕೂಡದೆಂಬುದೇ ಆ ನಿಯಮ. ಕಾರ್ಖಾನೆಯಲ್ಲಿ ಕಾಣದ ದೋಷ ಕೊಂಡವನ ಮನೆಯಲ್ಲಿ ಕಾಣುತ್ತದೆ ಎಂಬುದನ್ನು ಅವರು ನಷ್ಟಪಟ್ಟು ಕಲಿತಿದ್ದರು.

1907ರಲ್ಲಿ ಬಂಡವಾಳಗಾರರು ಸೇರಿ ಅವರ ಹೆಸರಿನಲ್ಲೇ ಮಗ್ಗಗಳ ಕಂಪೆನಿಯೊಂದನ್ನು ನಗೋಯಾದಲ್ಲಿ ಸ್ಥಾಪಿಸಿದರು. ಆದರೆ ಹಣ ಹಾಕಿದವರಿಗೆ ಬೇಕಾದದ್ದು ಲಾಭ, ಇವರಿಗೆ ಬೇಕಾದದ್ದು ಪರೀಕ್ಷೆ. ವ್ಯಾಪಾರ ಇಳಿದೊಡನೆ, ಪ್ರಯೋಗಗಳಿಗೆ ಹಣ ಪೋಲಾಗುತ್ತಿದೆ ಎಂಬ ದೂರು ಬಂತು. 1910ರಲ್ಲಿ ಸಾಕಿಚಿಯವರು ತಮ್ಮ ಹೆಸರಿನ ಕಂಪೆನಿಯಿಂದಲೇ ಹೊರಗೆ ಬರಬೇಕಾಯಿತು. ವಯಸ್ಸು ನಲವತ್ತಮೂರು. ಮನನೊಂದು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿಯೇ ನೆಲೆಸಿಬಿಡುವ ಯೋಚನೆಯೂ ಅವರಿಗಿತ್ತಂತೆ. ಅಲ್ಲಿನ ಗಿರಣಿಗಳಲ್ಲಿ ಹೆಸರಾಂತ ಮಗ್ಗಗಳನ್ನು ಹತ್ತಿರದಿಂದ ನೋಡಿದಾಗ, ಅವು ತಮ್ಮದಕ್ಕಿಂತ ಮೇಲಾದವುಗಳಲ್ಲವೆಂದು ತಿಳಿದು ಧೈರ್ಯ ಬಂತು. ನ್ಯೂಯಾರ್ಕಿನಲ್ಲಿದ್ದ ಜಪಾನೀ ವಿಜ್ಞಾನಿ ಜೋಕಿಚಿ ತಾಕಾಮಿನೆಯವರು ಬುದ್ಧಿ ಹೇಳಿ ಹುರಿದುಂಬಿಸಿದರು. ರಸ್ತೆಗಳಲ್ಲಿ ಆಗಷ್ಟೇ ಹೆಚ್ಚುತ್ತಿದ್ದ ಮೋಟಾರು ಕಾರುಗಳನ್ನು ನೋಡಿದ್ದೂ ಆಗಲೇ. ಮುಂದಿನ ಕಾಲ ಇದರದ್ದು ಎಂಬ ಭಾವನೆ ಅವರಲ್ಲಿ ಮೂಡಿತು. ಯುರೋಪಿನ ಮಾರ್ಗವಾಗಿ 1911ರ ಆರಂಭದಲ್ಲಿ ಸ್ವದೇಶಕ್ಕೆ ಮರಳಿದರು.

ಇನ್ನು ಮೇಲೆ ಇತರರ ಹಂಗು ಬೇಡವೆಂದು ಸಾಲ ಮಾಡಿ ನಗೋಯಾದಲ್ಲಿ ಸ್ವಂತ ನೇಯ್ಗೆ ಗಿರಣಿಯನ್ನೇ ಕಟ್ಟಿದರು. ಬಟ್ಟೆ ಮಾರಿ ಬಂದ ಹಣದಿಂದ ಮಗ್ಗದ ಪರೀಕ್ಷೆ. ಮಗ್ಗ ಪದೇ ಪದೇ ನಿಲ್ಲುತ್ತಿದ್ದಾಗ ಕಾರಣ ಹುಡುಕಿದರೆ, ದೋಷ ಮಗ್ಗದ್ದಲ್ಲ, ಹೊರಗಿನಿಂದ ಕೊಂಡ ನೂಲಿನದ್ದು. ನೂಲು ಒಂದೇ ಹದದಲ್ಲಿಲ್ಲ. ಸರಿ, 1914ರಲ್ಲಿ ನೂಲುವ ಯಂತ್ರಗಳನ್ನೂ ತರಿಸಿದರು! ಒಂದು ದೋಷದ ಹಿಂದಿನ ಕಾರಣ, ಆ ಕಾರಣದ ಹಿಂದಿನ ಕಾರಣ ಎಂದು ಐದು ಸಲ ಏಕೆ ಎಂದು ಕೇಳಬೇಕೆಂಬ ಪದ್ಧತಿ ಇಂದು ಕೈಗಾರಿಕಾ ಶಿಕ್ಷಣದಲ್ಲೆಲ್ಲ ಪಾಠವಾಗಿದೆ. ಅದರ ಮೂಲವನ್ನು ಸಾಕಿಚಿಯವರಿಗೇ ಸಲ್ಲಿಸುವ ವಾಡಿಕೆ. ತರಗತಿಯಲ್ಲಿ ಒಂದು ಏಕೆಗೇ ಉತ್ತರ ಬಾರದ ನಮಗೆ ಐದು ಸ್ವಲ್ಪ ಹೆಚ್ಚಾಯಿತು ಎನ್ನಬೇಕು.

1924ರಲ್ಲಿ, ಇಪ್ಪತ್ತು ವರ್ಷಗಳಿಗೂ ಹೆಚ್ಚಿನ ದುಡಿಮೆಯ ಫಲವಾಗಿ, ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಪೂರ್ಣ ವೇಗದಲ್ಲಿ ಓಡುತ್ತಿರುವಾಗಲೇ ಲಾಳಿ ಬದಲಾಗುತ್ತಿತ್ತು. ಹಾಸು ಹರಿದರೂ ಹೊಕ್ಕು ಹರಿದರೂ ತಾನೇ ನಿಲ್ಲುತ್ತಿತ್ತು. ಈ ಕೊನೆಯ ಹಂತದಲ್ಲಿ ತೋಕಿಯೋ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಕಲಿತು ಬಂದಿದ್ದ ಮಗ ಕೀಚಿರೋ ಅವರ ಪಾಲೂ ದೊಡ್ಡದು. ಇಲ್ಲಿಯೂ ಹಳೆಯ ನಿಯಮವನ್ನು ಬಿಡಲಿಲ್ಲ. ತಮ್ಮದೇ ಗಿರಣಿಯಲ್ಲಿ ನೂರಾರು ಮಗ್ಗಗಳನ್ನು ನಡೆಸಿ ನೋಡಿದ ನಂತರವೇ, 1926ರಲ್ಲಿ ಕಾರಿಯಾ ಎಂಬಲ್ಲಿ ತಯಾರಿಕೆಯ ಕಾರ್ಖಾನೆಯನ್ನು ಸ್ಥಾಪಿಸಿ ಮಾರಾಟಕ್ಕೆ ಇಳಿದರು. ಒಬ್ಬ ಹೆಣ್ಣಾಳು ಮೂವತ್ತಕ್ಕೂ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ನಿಂತ ಮಗ್ಗದ ಬಳಿಗೆ ಹೋದರೆ ಸಾಕಲ್ಲ. ಅದರಿಂದ ಕೆಲಸ ಕಳೆದುಕೊಂಡ ಕೈಗಳೂ ಇದ್ದವೆಂಬುದು ಬೇರೆ ಮಾತು. 1929ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಎಂಬ ಜಗತ್ಪ್ರಸಿದ್ಧ ಯಂತ್ರ ಕಂಪೆನಿಯು ಈ ಮಗ್ಗದ ಹಕ್ಕಿಗಾಗಿ ಒಂದು ಲಕ್ಷ ಪೌಂಡು ಕೊಡುವ ಕರಾರಿಗೆ ಸಹಿ ಹಾಕಿತು. ಮೊತ್ತ ಆಮೇಲೆ ಸ್ವಲ್ಪ ಇಳಿಯಿತಾದರೂ, ಮಗ್ಗದ ತವರೂರಿನವರೇ ಬಡಗಿಯ ಮಗನ ಮಗ್ಗಕ್ಕೆ ಬೆಲೆ ಕಟ್ಟಿದಂತಾಯಿತು. ಮರು ವರ್ಷ, 1930ನೇ ಇಸವಿ ಅಕ್ಟೋಬರ್ 30ರಂದು, ಸಾಕಿಚಿಯವರು ತಮ್ಮ 63ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕನಸಿನ ವೃತ್ತಾಕಾರದ ಮಗ್ಗಕ್ಕೆ 1906ರಲ್ಲೇ ಪೇಟೆಂಟು ಸಿಕ್ಕಿದ್ದರೂ ಅದು ವ್ಯಾಪಾರಕ್ಕೆ ಇಳಿಯಲೇ ಇಲ್ಲ. ನಗೋಯಾದ ಅವರ ಹಳೆಯ ಗಿರಣಿಯ ಜಾಗದಲ್ಲಿ 1994ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಅದನ್ನು ಈಗಲೂ ನೋಡಬಹುದು.

ಮಗ ಕೀಚಿರೋ ಮೋಟಾರು ವಾಹನಕ್ಕೆ ಕೈಹಾಕಿದರು. ಮಗ್ಗದ ಕಂಪೆನಿಯಲ್ಲೇ 1933ರಲ್ಲಿ ಮೋಟಾರು ವಿಭಾಗ ತೆರೆಯಿತು. ಮಗ್ಗದ ಹಕ್ಕು ಮಾರಿದ ಹಣವೇ ಇದಕ್ಕೆ ಮೂಲಧನವೆಂಬ ಕಥೆ ಬಹಳ ಪ್ರಚಾರದಲ್ಲಿದೆ. 1935ರಲ್ಲಿ ಹೊರಬಂದ ಮೊದಲ ಲಾರಿಗಳು ದಾರಿಯಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದವು. ಮರೆಮಾಚಿದರೆ ವ್ಯಾಪಾರ ಉಳಿಯುತ್ತದೆಯೆಂದು ಕೀಚಿರೋ ಎಣಿಸಲಿಲ್ಲ. ಕೆಟ್ಟಲ್ಲಿಗೆ ಕಂಪೆನಿಯವರೇ ಹೋಗಿ ದುರಸ್ತಿ ಮಾಡಿದರು, ಕೆಲವು ಸಲ ಕೀಚಿರೋ ಅವರೇ ಹೋದರು. ಮುರಿದ ಭಾಗವನ್ನು ತಂದು ಕಾರಣ ಹುಡುಕಿ, ಮುಂದಿನ ಲಾರಿಯಲ್ಲಿ ತಿದ್ದಿದರು. 1937ರಲ್ಲಿ ಮೋಟಾರು ಕಂಪೆನಿ ಪ್ರತ್ಯೇಕವಾದಾಗ, ದೋಷಗಳನ್ನು ಒಟ್ಟುಗೂಡಿಸಿ ಸುಧಾರಣೆ ಮಾಡುವುದಕ್ಕೇ ಒಂದು ವಿಭಾಗವನ್ನು ಇಟ್ಟರು. ಟೊಯೋಡಾ ಎಂದರೆ ಸಮೃದ್ಧವಾದ ಗದ್ದೆ. ಕಾರಿಗೆ ಗದ್ದೆಯ ಹೆಸರೇಕೆ ಎಂದೋ ಏನೋ, ಉಚ್ಚಾರ ಸುಲಭವಾಗಲೆಂದು ಅದನ್ನು ಟೊಯೋಟಾ ಎಂದು ಮಾರ್ಪಡಿಸಲಾಗಿತ್ತು.

ಮಗ್ಗದ ನಿಯಮವನ್ನು ಕಾರಿನ ಕಾರ್ಖಾನೆಗೆ ಪೂರ್ತಿಯಾಗಿ ತಂದವರು ತಾಯಿಚಿ ಓನೋ. 1932ರಲ್ಲಿ ಟೊಯೋಡಾ ನೂಲಿನ ಗಿರಣಿಗೆ ಸೇರಿ, 1943ರಲ್ಲಿ ಮೋಟಾರು ಕಂಪೆನಿಗೆ ಬಂದ ಇವರಿಗೆ ನಿಲ್ಲುವ ಮಗ್ಗದ ಪರಿಚಯವಿತ್ತು. ಕಾರುಗಳು ಸಾಲಾಗಿ ಚಲಿಸುತ್ತಿರುವ ಕಡೆ ಒಬ್ಬ ಸಾಮಾನ್ಯ ಕೆಲಸಗಾರನೂ ದೋಷ ಕಂಡರೆ ಎಳೆಯಲೆಂದು ಹಗ್ಗ ಬಂತು. ಎಳೆದರೆ ದೀಪ ಹೊತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ನಿಲ್ಲಿಸಿದವನಿಗೆ ಬೈಗುಳವಿಲ್ಲ. ಮಗ್ಗದಲ್ಲಿ ಲೋಹದ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮನುಷ್ಯನ ಕೈ ಮಾಡುತ್ತದೆ. ಈ ಪದ್ಧತಿ ಮುಂದೆ ನಾನಾ ದೇಶಗಳ ಕಾರ್ಖಾನೆಗಳಿಗೆ ಹರಡಿತು.

ಆದರೆ ಕಾರ್ಖಾನೆಯ ಬಾಗಿಲು ದಾಟಿ ಹೋದ ಕಾರಿಗೆ ಹಗ್ಗ ಎಲ್ಲಿದೆ? ಅದಕ್ಕೆ ಕಾನೂನು ಬೇಕಾಯಿತು. ಅಮೆರಿಕದಲ್ಲಿ 1966ರ ಕಾನೂನು ದೋಷವನ್ನು ಕೊಂಡವರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. 1969ರಲ್ಲಿ ಅಲ್ಲಿನ ಪತ್ರಿಕೆಯೊಂದು, ಜಪಾನಿನ ಕಂಪೆನಿಗಳು ದೋಷವುಳ್ಳ ಕಾರುಗಳನ್ನು ಸದ್ದಿಲ್ಲದೆ ಸರಿಪಡಿಸುತ್ತಿವೆಯೆಂದು ಬಯಲುಮಾಡಿತು. ಅವುಗಳಲ್ಲಿ ಟೊಯೋಟಾ ಕೂಡ ಇತ್ತು! ಜಪಾನಿನಲ್ಲಿ ದೊಡ್ಡ ಗುಲ್ಲಾಗಿ, ಅದೇ ವರ್ಷ ಅಲ್ಲಿಯೂ ಬಹಿರಂಗವಾಗಿ ವಾಪಸು ಕರೆಸುವ ಕ್ರಮ ಜಾರಿಗೆ ಬಂತು. ಮಗ್ಗ ನಿಂತರೆ ನಾಲ್ಕು ಜನಕ್ಕೆ ಕಾಣುತ್ತದೆ. ಕಾರನ್ನು ಗುಟ್ಟಾಗಿ ದುರಸ್ತಿ ಮಾಡಿದರೆ, ದುರಸ್ತಿಗೆ ಬಾರದವನ ಕಾರು ದೋಷದೊಡನೆಯೇ ಓಡುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು 2009-10ರಲ್ಲಿ ಬಿತ್ತು. ಅಮೆರಿಕದಲ್ಲಿ ಒಂದೇ ಕುಟುಂಬದ ನಾಲ್ವರು, ವೇಗ ತಗ್ಗದ ಕಾರಿನಲ್ಲಿ ಸತ್ತರು. ಕಾಲಡಿಯ ಹಾಸು ವೇಗದ ಪೆಡಲಿಗೆ ಸಿಕ್ಕಿಕೊಂಡದ್ದು ಕಾರಣವೆಂದು ಕಂಡಿತು. ಬೇರೆ ಕಾರುಗಳಲ್ಲಿ ಪೆಡಲೇ ಅಂಟಿಕೊಳ್ಳುವ ದೋಷ ಹೊರಬಿತ್ತು. ಜಗತ್ತಿನಾದ್ಯಂತ ಸುಮಾರು 90 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. 2010ರ ಫೆಬ್ರವರಿ 24ರಂದು ಸಾಕಿಚಿಯವರ ಮರಿಮಗ ಅಕಿಯೋ ಟೊಯೋಡಾ ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಕುಳಿತು ಕ್ಷಮೆ ಕೇಳಿದರು. ಕಂಪೆನಿ ಬೆಳೆದ ವೇಗ ಅತಿಯಾಯಿತೆಂದು ಒಪ್ಪಿಕೊಂಡರು. ದೋಷದ ವಿಷಯದಲ್ಲಿ ಗ್ರಾಹಕರಿಗೆ ತಪ್ಪು ತಿಳಿವಳಿಕೆ ಕೊಟ್ಟದ್ದಕ್ಕಾಗಿ 2014ರಲ್ಲಿ ಕಂಪೆನಿಯು 120 ಕೋಟಿ ಡಾಲರ್ ದಂಡ ತೆತ್ತಿತು. ನಿಲ್ಲುವ ಮಗ್ಗದಿಂದ ಹುಟ್ಟಿದ ಮನೆತನ ನಿಲ್ಲಬೇಕಾದಲ್ಲಿ ನಿಲ್ಲದೆ ಕೊಟ್ಟ ಬೆಲೆ ಅದು.

ನಮ್ಮ ದೇಶದಲ್ಲಿ ಕಾರು ತಯಾರಕರ ಸಂಘವು 2012ರಲ್ಲಿ ಸ್ವಇಚ್ಛೆಯ ನಿಯಮಾವಳಿಯನ್ನು ಮಾಡಿಕೊಂಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 110ಎ ಕಲಮು, ದೋಷವುಳ್ಳ ವಾಹನಗಳನ್ನು ವಾಪಸು ಕರೆಸುವಂತೆ ಆಜ್ಞೆ ಮಾಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಎಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷ ಮೀರದ ವಾಹನಗಳಿಗೆ ಇವು ಅನ್ವಯಿಸುತ್ತವೆ. ಆಜ್ಞೆ ಮೂಲಕ ಕರೆಸಬೇಕಾಗಿ ಬಂದರೆ ಕಂಪೆನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪೆನಿಯು 2022ರ ಡಿಸೆಂಬರಿನಲ್ಲಿ ಮುಂದಿನ ಸೀಟಿನ ಪಟ್ಟಿಯ ಒಂದು ಭಾಗಕ್ಕಾಗಿ 994 ಕಾರುಗಳನ್ನೂ, 2023ರ ಜನವರಿಯಲ್ಲಿ ಏರ್‌ಬ್ಯಾಗಿನ ನಿಯಂತ್ರಕಕ್ಕಾಗಿ 1,390 ಕಾರುಗಳನ್ನೂ ತಾನಾಗಿ ಕರೆಸಿತು. ದೋಷ ಸಿಗುವವರೆಗೆ ಸುಮ್ಮನೆ ಕಾಯದೆ ಸಂಶಯದ ಮೇಲೆಯೇ ಕರೆಸುವುದು ಒಳ್ಳೆಯದೇ.

ನಮ್ಮ ಜಿಲ್ಲೆಯಲ್ಲಿ ಹಳೆಯ ಕಾರು ಕೊಳ್ಳುವವರು ಬಹಳ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಎರಡನೆಯ, ಮೂರನೆಯ ಕೈಗೆ ಬಂದ ಕಾರು ಅದು. ಕಂಪೆನಿಯ ಪುಸ್ತಕದಲ್ಲಿ ಮೊದಲು ಕೊಂಡವನ ವಿಳಾಸವೇ ಉಳಿದಿದ್ದರೆ ವಾಪಸು ಕರೆಯ ಕಾಗದವೂ ಫೋನೂ ಅವನಿಗೇ ಹೋಗುತ್ತವೆ, ಅವನು ಅದನ್ನು ಬುಟ್ಟಿಗೆ ಹಾಕುತ್ತಾನೆ. ನಮಗೇ ಬಂದರೂ ಅದು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದು, ಮನೆಯ ಹಿರಿಯರು ಜಾಹೀರಾತೆಂದು ತಿಳಿದು ಮಡಚಿಟ್ಟಾರು. ಆರ್.ಸಿ.ಯಲ್ಲಿ ಷಾಸಿ ನಂಬರ್ ಎಂದು 17 ಅಕ್ಷರ ಅಂಕೆಗಳ ಒಂದು ಸಾಲು ಇರುತ್ತದೆ. ಕಂಪೆನಿಯ ಯಾವುದೇ ಅಧಿಕೃತ ವರ್ಕ್‌ಶಾಪಿಗೆ ಅದನ್ನು ಕೊಟ್ಟರೆ, ಆ ಕಾರಿಗೆ ಬಾಕಿ ಉಳಿದ ದುರಸ್ತಿ ಇದೆಯೇ ಎಂದು ನೋಡಿ ಹೇಳುತ್ತಾರೆ. ಅನೇಕ ಕಂಪೆನಿಗಳ ಇಂಟರ್‌ನೆಟ್ ಪುಟದಲ್ಲಿ ನಾವೇ ನೋಡಿಕೊಳ್ಳಬಹುದು. ಕಾರು ಎಷ್ಟು ಕೈ ಬದಲಾಗಿದ್ದರೂ ವಾಪಸು ಕರೆಯ ಕೆಲಸಕ್ಕೆ ಹಣ ಕೊಡಬೇಕಾಗಿಲ್ಲ. ಕಾರು ಮಾರುವ ದಲ್ಲಾಳಿಯ ಹತ್ತಿರ ಬೆಲೆ ಮಾತಾಡುವ ಮೊದಲೇ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವಿಚಾರಿಸುವುದು ಒಳ್ಳೆಯದು.